ರಿಫ್ರಾಕ್ಟರಿ ತರಬೇತಿ: ಎರಡು ದಿನದ್ದೋ, ಐದು ದಿನದ್ದೋ?

ಪ್ರಶ್ನೆ
ಕುಲುಮೆ ನಿರ್ವಹಣೆಯ ನಾಲ್ವರನ್ನು ರಿಫ್ರಾಕ್ಟರಿ (ಬೆಂಕಿಯ ಶಾಖ ತಾಳುವ ಸಾಮಗ್ರಿ) ತರಬೇತಿಗೆ ಕಳಿಸಬೇಕು. ಒಂದು ಕೋರ್ಸ್ ಎರಡು ದಿನದ್ದು, ಪೂರ್ತಿ ಪಾಠವೇ. ಇನ್ನೊಂದು ಐದು ದಿನದ್ದು, ಲ್ಯಾಬ್ ಕೆಲಸವೂ ಇದೆ. ನಮ್ಮಲ್ಲಿ ಬಳಸುವುದು ಲೋ ಸಿಮೆಂಟ್ ಕ್ಯಾಸ್ಟಬಲ್, ಅಂದರೆ ನೀರು ಬೆರೆಸಿ ಕಾಂಕ್ರೀಟಿನಂತೆ ಹೊಯ್ಯುವ, ಸಿಮೆಂಟ್ ಕಡಿಮೆ ಇರುವ ರಿಫ್ರಾಕ್ಟರಿ. ಮೊದಲ ಸಲ ಬಿಸಿ ಮಾಡುವಾಗಲೇ ಲೈನಿಂಗ್ (ಕುಲುಮೆಯ ಒಳಪದರ) ಸಿಡಿಯುತ್ತಿದೆ. ಯಾವುದು ಒಳ್ಳೆಯದು?

ಉತ್ತರ 1
ಐದು ದಿನದ್ದೇ. ಆದರೆ ಲ್ಯಾಬ್‌ನಲ್ಲಿ ಕೈಯಾರೆ ಮಾಡಿಸುತ್ತಾರೋ, ಬರೀ ತೋರಿಸುತ್ತಾರೋ ಮೊದಲು ಕೇಳಿ. 25 ಕೆಜಿ ಚೀಲಕ್ಕೆ ಶೇ 5 ನೀರು ಎಂದರೆ 1.25 ಲೀಟರ್, ಶೇ 7 ಎಂದರೆ 1.75 ಲೀಟರ್. ವ್ಯತ್ಯಾಸ ಬರೀ ಅರ್ಧ ಲೀಟರ್, ಆದರೆ ಅಷ್ಟರಲ್ಲೇ ಬಲ ಕುಸಿಯುತ್ತದೆ! ಎರಡೂ ಅಳತೆಯಲ್ಲಿ ಬ್ಲಾಕ್ ಹೊಯ್ದು, 110 ಡಿಗ್ರಿಯಲ್ಲಿ ಒಣಗಿಸಿ, ಪ್ರೆಸ್‌ನಲ್ಲಿ ಒಡೆದು ನೋಡಿದವರು ಮತ್ತೆ ಬಕೆಟ್‌ನಿಂದ ಅಂದಾಜಿಗೆ ನೀರು ಸುರಿಯುವುದಿಲ್ಲ. ಈ ಮಾಲು ಮಿಕ್ಸರ್‌ನಲ್ಲಿ ಮೊದಲ ಒಂದೆರಡು ನಿಮಿಷ ಒಣ ಮರಳಿನಂತೆ ಕಾಣುತ್ತದೆ, ಕೈ ತಾನಾಗಿ ನೀರಿನತ್ತ ಹೋಗುತ್ತದೆ. ನಾಲ್ಕೈದು ನಿಮಿಷ ತಿರುಗಲು ಬಿಡಬೇಕು. ಆಮೇಲೂ ಹರಿಯುವುದು ವೈಬ್ರೇಟರ್ ಇಟ್ಟಾಗಲೇ.

ರಂಧ್ರಾಂಶದ (ಬ್ಲಾಕ್‌ನಲ್ಲಿ ಸಣ್ಣ ರಂಧ್ರಗಳ ಪಾಲು ಶೇಕಡ ಎಷ್ಟು ಎಂಬುದರ) ಲೆಕ್ಕವನ್ನೂ ಅಲ್ಲೇ ಮಾಡಿಸಬೇಕು: ಬ್ಲಾಕ್‌ನ ನೆನೆದ ತೂಕದಲ್ಲಿ ಒಣ ತೂಕ ಕಳೆದು, ಅದನ್ನು ನೆನೆದ ತೂಕಕ್ಕೂ ನೀರಲ್ಲಿ ತೂಗುಹಾಕಿದಾಗಿನ ತೂಕಕ್ಕೂ ಇರುವ ವ್ಯತ್ಯಾಸದಿಂದ ಭಾಗಿಸಿ, ನೂರರಿಂದ ಗುಣಿಸುವುದು.

ಉತ್ತರ 2
ಸಿಡಿತಕ್ಕೆ ಕಾರಣ ಒಳಗೆ ಸಿಕ್ಕಿಬಿದ್ದ ಆವಿ. ಬಿಡಿ ನೀರು ಹೋದ ಮೇಲೂ ಸಿಮೆಂಟ್ ಜೊತೆ ಕೂಡಿಕೊಂಡ ನೀರು ಸುಮಾರು 350 ಡಿಗ್ರಿವರೆಗೆ ಹೊರಬರುತ್ತಲೇ ಇರುತ್ತದೆ. ಲೋ ಸಿಮೆಂಟ್ ಮಾಲು ದಟ್ಟ, ಆವಿಗೆ ದಾರಿಯಿಲ್ಲ. ಪಾಲಿಪ್ರೊಪಿಲೀನ್ ನಾರು ಬೆರೆಸುವುದು ಇದಕ್ಕೇ: ಸುಮಾರು 165 ಡಿಗ್ರಿಗೆ ಕರಗಿ ಸಣ್ಣ ಕಾಲುವೆ ಬಿಡುತ್ತದೆ. ಚಳಿಯಲ್ಲಿ, 20 ಡಿಗ್ರಿಗಿಂತ ಕೆಳಗೆ ಗಟ್ಟಿಯಾದ ಲೈನಿಂಗ್‌ನಲ್ಲಿ ಆವಿ ಇನ್ನೂ ಕಷ್ಟದಿಂದ ಹೊರಬರುತ್ತದೆ.

ಹಾಗಾಗಿ ಡ್ರೈ-ಔಟ್ (ಹೊಸ ಲೈನಿಂಗನ್ನು ಹಂತಹಂತವಾಗಿ ಬಿಸಿ ಮಾಡಿ ಒಣಗಿಸುವ) ವೇಳಾಪಟ್ಟಿಯನ್ನು ಪ್ರತಿಯೊಬ್ಬರಿಂದಲೂ ಬರೆಸುವ ಕೋರ್ಸ್ ಹುಡುಕಿ. ತಯಾರಕರ ಪಟ್ಟಿ ಕೈಯಲ್ಲಿಲ್ಲದಾಗಿನ ಸಾಮಾನ್ಯ ಅಂದಾಜು, ಶಾಖ ಏರಿಸದೆ ತಡೆದು ನಿಲ್ಲಿಸುವ ಪ್ರತಿ ಹಂತದಲ್ಲಿ 25 ಮಿ.ಮೀ. ದಪ್ಪಕ್ಕೆ ಒಂದು ಗಂಟೆ. 225 ಮಿ.ಮೀ. ಗೋಡೆಗೆ ಒಂಬತ್ತು ಗಂಟೆ. ಉತ್ಪಾದನೆಯ ಅವಸರದಲ್ಲಿ ಮೊದಲು ಕತ್ತರಿ ಬೀಳುವುದು ಇದಕ್ಕೇ.

ಉತ್ತರ 3
ಮಾಲು ಖರೀದಿಸುವವರಿಗೆ ಎರಡು ದಿನದ ಪಾಠವೂ ಬೇಕು ಸರ್. ಡೇಟಾ ಶೀಟ್‌ನಲ್ಲಿ ಕೊಡುವ ತಣ್ಣಗಿನ ಬಲ (ಬಿಸಿಯಿಲ್ಲದಾಗ ಅಳೆದ ಬಲ) ನೋಡಿ ಮರುಳಾಗಬಾರದು. ಸಿಮೆಂಟ್‌ನ ಸುಣ್ಣ, ಮಾಲಿನಲ್ಲಿರುವ ಮೈಕ್ರೋಸಿಲಿಕಾ (ಸಿಲಿಕಾದ ಅತಿ ನುಣ್ಣನೆ ಪುಡಿ), ಅಲ್ಯೂಮಿನಾ ಸೇರಿ ಸುಮಾರು 1400 ಡಿಗ್ರಿಯಲ್ಲಿ ದ್ರವ ಹುಟ್ಟುತ್ತದೆ, ಗಟ್ಟಿ ಲೈನಿಂಗ್ ಅಲ್ಲಿ ಮೆತ್ತಗಾಗುತ್ತದೆ. ಬಿಸಿಯಲ್ಲಿ ಹೊರೆ ಹೊರುವ ಪರೀಕ್ಷೆಯ ಅಂಕಿ ಕೇಳುವುದನ್ನು ಅಲ್ಲಿ ಕಲಿಯಬಹುದು.

ಪ್ರಶ್ನೆ ಕೇಳಿದವರು
ಧನ್ಯವಾದ. ಸಿಲಿಕಾ ಇಟ್ಟಿಗೆಯ ಒಂದು ಕುಲುಮೆಯೂ ಇದೆ. ಅದಕ್ಕೂ ಇದೇ ವೇಳಾಪಟ್ಟಿ ನಡೆಯುತ್ತದೆಯೇ?

ಉತ್ತರ 2
ಖಂಡಿತ ಬೇಡ. ಅಲ್ಲಿ ಸಮಸ್ಯೆ ಆವಿಯದಲ್ಲ, ಹಿಗ್ಗುವುದರದ್ದು. ಇಟ್ಟಿಗೆಯಲ್ಲಿರುವ ಕ್ರಿಸ್ಟೋಬಲೈಟ್ (ಸಿಲಿಕಾದ ಒಂದು ಹರಳು ರೂಪ) 220ರಿಂದ 270 ಡಿಗ್ರಿ ನಡುವೆ, ಉಳಿದ ಕ್ವಾರ್ಟ್ಜ್ 573 ಡಿಗ್ರಿಯಲ್ಲಿ ಒಮ್ಮೆಲೇ ಹಿಗ್ಗುತ್ತದೆ. 600 ದಾಟುವವರೆಗೆ ತೀರಾ ನಿಧಾನ ಏರಿಸಿ. ತಣ್ಣಗಾಗಿಸುವಾಗಲೂ ಅಷ್ಟೇ ನಿಧಾನ.