ಮಗುವಿನ ಕಾಯಿಲೆ ವಿಷ್ಯ ಪೇರೆಂಟ್ಸ್ ಗ್ರೂಪಿಗೆ ಹೋಗ್ಬಿಟ್ಟಿದೆ, ಕಳ್ಸಿದ್ದು ನಾನೇ. ಈಗೇನ್ ಮಾಡ್ಲಿ?

(ಎಡಿಟ್: ಯಾವ ಕ್ಲಾಸು, ಯಾವ ಏರಿಯಾ ಅನ್ನೋದನ್ನ ತೆಗೆದಿದೀನಿ, ಕೆಳಗೆ ಒಬ್ರು ಹೇಳಿದ್ಮೇಲೆ)

ದಾವಣಗೆರೆಲಿ ಒಂದು ಪ್ರೈವೇಟ್ ಸ್ಕೂಲಲ್ಲಿ ಕ್ಲಾಸ್ ಟೀಚರ್ ನಾನು. ಶುಕ್ರವಾರ ಸಂಜೆ ಟೆಸ್ಟ್ ಟೈಮ್‌ಟೇಬಲ್ ಹಾಕಕ್ಕೆ ಹೋಗಿ ಆಫೀಸಿನ ಎಕ್ಸೆಲ್ ಶೀಟನ್ನೇ ವಾಟ್ಸಾಪ್ ಗ್ರೂಪಿಗೆ ಹಾಕ್ಬಿಟ್ಟೆ. ಅದರಲ್ಲಿ ಎಲ್ಲಾ ಮಕ್ಕಳ ಆಧಾರ್ ನಂಬರ್, ಜಾತಿ, ಫೀ ಬಾಕಿ ಎಲ್ಲಾ ಇದೆ, ಕೊನೇಲಿ ರಿಮಾರ್ಕ್ಸ್ ಕಾಲಂ, ಅಲ್ಲಿ ಒಂದು ಹುಡುಗಿ ಹೆಸರಿನ ಮುಂದೆ ‘ಫಿಟ್ಸ್ ಬರುತ್ತೆ, ಮಾತ್ರೆ ತಗೋತಾಳೆ’ ಅಂತ ನಾನೇ ಟೈಪ್ ಮಾಡಿದ್ದು. ಅವರಮ್ಮ ಜೂನ್‌ನಲ್ಲಿ ಸ್ಟಾಫ್ ರೂಮ್ ಬಾಗ್ಲಲ್ಲಿ ನಿಂತು ಡಾಕ್ಟರ್ ಚೀಟಿ ನಾಲ್ಕು ಮಡಿಕೆ ಮಾಡಿ ಕೈಗಿಟ್ಟು, ಮಿಸ್ ಇದು ನಿಮ್ಮಲ್ಲೇ ಇರ್ಲಿ, ನಮ್ಮ ಅತ್ತೆಗೂ ಹೇಳಿಲ್ಲ ಅಂದಿದ್ರು.

ಹತ್ತು ನಿಮಿಷ ಆದ್ಮೇಲೆ ನೋಡ್ಕೊಂಡೆ. ಇನ್ಫೋ ಒತ್ತಿದ್ರೆ 23 ಜನರ ಹೆಸರಿಗೆ ನೀಲಿ ಟಿಕ್. ಕೈ ನಡುಗ್ತಿತ್ತು, ಡಿಲೀಟ್ ಫಾರ್ ಎವ್ರಿವನ್ ಮಾಡಿದೆ. ಎಚ್‌ಎಂ ಹೇಳೋದು, ಸುಮ್ನಿರಿ, ನಾವಾಗೇ ಯಾಕೆ ಕೆದಕ್ಬೇಕು ಅಂತ. ಆದ್ರೆ ಇವತ್ತು ಬೆಳಿಗ್ಗೆ ಒಬ್ರು ಫೋನ್ ಮಾಡಿ ನಮ್ಮ ಮಗನ ಬೆಂಚ್ ಬದಲಾಯಿಸ್ರಿ ಅಂದ್ರು. ಕಾರಣ ಹೇಳ್ಲಿಲ್ಲ. ಅವನು ಕೂರೋದು ಅವಳ ಪಕ್ಕದಲ್ಲೇ.

ಉತ್ತರ 1 (ಚಿತ್ರದುರ್ಗ)

ಮೇಡಂ, ನನ್ನ ಮಗಳಿಗೂ ಇದೇ ಇದೆ. ಫೋನ್ ಬೇಡ, ಇವತ್ತೇ ಮನೆಗೆ ಹೋಗಿ ಹೇಳ್ರಿ. ನನಗೆ ಗೊತ್ತಾಗಿದ್ದು ತರಕಾರಿ ಅಂಗಡೀಲಿ, ಬೇರೆಯವರ ಬಾಯಿಂದ, ಆ ಟೀಚರನ್ನ ಇವತ್ತಿಗೂ ಕ್ಷಮಿಸಕ್ಕಾಗಿಲ್ಲ, ತಪ್ಪು ಮಾಡಿದ್ದಕ್ಕಲ್ಲ, ಗೊತ್ತಿದ್ದೂ ಹೇಳ್ದೆ ಇದ್ದಿದ್ದಕ್ಕೆ. ಹೆಣ್ಮಗು ಅಂದ್ರೆ ಮೊದಲು ಮದುವೆ ಚಿಂತೆನೇ ಬರೋದು, 1999ರವರೆಗೂ ಹಿಂದೂ ವಿವಾಹ ಕಾಯ್ದೇಲೇ ಅಪಸ್ಮಾರ, ಅಂದ್ರೆ ಈ ಫಿಟ್ಸ್ ಕಾಯಿಲೆ, ಮದುವೆಗೆ ಅಡ್ಡಿ ಅಂತ ಇತ್ತು, ಕಾಯ್ದೆಯಿಂದ ತೆಗೆದ್ರೂ ಮನೆಗಳಲ್ಲಿ ಹೋಗಿಲ್ಲ.

ಬೆಂಚ್ ಮಾತ್ರ ಬದಲಾಯಿಸ್ಬೇಡಿ, ಅದು ಅಂಟುರೋಗ ಅಲ್ಲ. ಮತ್ತೆ ಅವಳ ಹೆಸರೆತ್ತದೆ ಇಡೀ ಕ್ಲಾಸಿಗೆ ಫಸ್ಟ್ ಏಡ್ ಹೇಳ್ಕೊಡಿ, ಯಾರಿಗೇ ಫಿಟ್ಸ್ ಬಂದ್ರೂ ಒಂದ್ಕಡೆ ಹೊರಳಿಸಿ ಮಲಗಿಸ್ಬೇಕು, ಬಾಯಿಗೆ ಏನೂ ಹಾಕ್ಬಾರ್ದು, ಕೈಗೆ ಬೀಗದ ಕೈ ಕೊಡೋದ್ರಿಂದ ಏನೂ ಆಗಲ್ಲ, ಐದು ನಿಮಿಷ ದಾಟಿದ್ರೆ ಆಸ್ಪತ್ರೆ ಅಂತ.

ಉತ್ತರ 2

ನಾನು ಸ್ಕೂಲ್ ಆಫೀಸಲ್ಲೇ ಕೆಲಸ ಮಾಡೋದು. ಮೊದಲು ಈ ಪೋಸ್ಟಿಂದ ಕ್ಲಾಸು, ಏರಿಯಾ ತೆಗೀರಿ ಮೇಡಂ, ನಮ್ಮೂರಲ್ಲಿ ಅಷ್ಟು ಸಾಕು ಗುರುತು ಹಿಡಿಯಕ್ಕೆ.

ಡಿಲೀಟ್ ಮಾಡಿದ್ದು ಒಳ್ಳೇದೇ, ಆದ್ರೆ ಸ್ಕ್ರೀನ್‌ಶಾಟ್, ಫಾರ್ವರ್ಡ್ ಆಗಿದ್ರೆ ಅದು ಹೋಗಲ್ಲ. ‘ತಪ್ಪಾಗಿ ಒಂದು ಫೈಲ್ ಬಂದಿದೆ, ಫೋನಿಂದ ತೆಗೀರಿ, ಯಾರಿಗೂ ಕಳಿಸ್ಬೇಡಿ’ ಅಷ್ಟೇ ಗ್ರೂಪಿಗೆ ಹಾಕಿ, ಕಾಯಿಲೆ ಅನ್ನೋ ಪದ ಬಂದ್ರೆ ನೋಡ್ದೇ ಇದ್ದೋರೂ ಹುಡುಕ್ತಾರೆ. ಆಧಾರ್ ಇದ್ದಿದ್ರಿಂದ ಉಳಿದ ಪೋಷಕರಿಗೂ ಹೇಳ್ಲೇಬೇಕು, ಬಯೋಮೆಟ್ರಿಕ್ ಲಾಕ್ ಮಾಡ್ಕೊಳ್ಲಿ, ಸಹಾಯಕ್ಕೆ ಆಧಾರ್ ಹೆಲ್ಪ್‌ಲೈನ್ ನಂಬರ್ 1947 ಇದೆ.

ಎಚ್‌ಎಂಗೆ ಇದನ್ನ ಹೇಳಿ: ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ಜಡ್ಜ್ ಪುಟ್ಟಸ್ವಾಮಿಯವರು ಹಾಕಿದ ಕೇಸಲ್ಲೇ. 2023ರ ಡೇಟಾ ಕಾಯ್ದೇಲಿ 18 ತುಂಬದೋರೆಲ್ಲ ಮಕ್ಕಳು, ಮಾಹಿತಿ ಸೋರಿದ್ರೆ ಸಂಬಂಧಪಟ್ಟವರಿಗೆ ತಿಳಿಸ್ಬೇಕು ಅಂತಿದೆ, ನಿಯಮ 2025ರ ನವೆಂಬರಲ್ಲಿ ಬಂದಿದೆ, ಹಂತಹಂತವಾಗಿ ಜಾರಿ ಆಗ್ತಿದೆ. ಆ ರಿಮಾರ್ಕ್ಸ್ ಕಾಲಂ ಫೀ ಶೀಟಲ್ಲಿ ಇರೋದೇ ತಪ್ಪು.

ಪ್ರಶ್ನೆ ಕೇಳಿದವರು

ಸಂಜೆ ಹೋಗಿದ್ದೆ. ಹೇಳಿ ಮುಗಿಸೋವರೆಗೂ ಅವರು ಏನೂ ಮಾತಾಡ್ಲಿಲ್ಲ. ಆಮೇಲೆ ಒಂದೇ ಕೇಳಿದ್ರು, ಅವಳ ಚಿಕ್ಕಪ್ಪನೂ ಗ್ರೂಪಲ್ಲಿದಾರೆ, ಅವರ ಟಿಕ್ ಬಂದಿತ್ತಾ ಮಿಸ್ ಅಂತ. ಬಂದಿತ್ತು. ಹೌದು ಅಂದೆ. ಹಂಗಾದ್ರೆ ಅವರು ಹೇಳೋಕ್ ಮುಂಚೆ ಅತ್ತೆಗೆ ನಾನೇ ಹೇಳ್ತೀನಿ, ನೀವೂ ಕೂತಿರಿ ಅಂದ್ರು. ಕೂತಿದ್ದೆ.