ಶಾಲೆಯಲ್ಲಿ ಜಾಣೆ, ಮನೆಗೆ ಬಂದರೆ ಅಳು. ಟೂ ಬಿಟ್ಟ ಗೆಳತಿಯ ಅಮ್ಮನಿಗೆ ಫೋನ್ ಮಾಡಲಾ?

ಪ್ರಶ್ನೆ:
ಮಗಳಿಗೆ ಆರು ವರ್ಷ, ಒಂದನೇ ಕ್ಲಾಸು. ಟೀಚರನ್ನು ಕೇಳಿದರೆ ದೂರೇ ಇಲ್ಲ ಅಂತಾರೆ. ಮನೆ ಬಾಗಿಲು ದಾಟಿದರೆ ಸಾಕು, ಬೇರೆ ಮಗುವೇ. ಮೊನ್ನೆ ಶೂ ಲೇಸ್ ಗಂಟಾಗಿತ್ತು. ಬಿಚ್ಚಿಕೊಟ್ಟೆ. "ನಾನೇ ಬಿಚ್ಬೇಕಿತ್ತು" ಅಂತ ಕಿರುಚಿ, ಶೂ ಎಸೆದು, ಅರ್ಧ ಗಂಟೆ ಅತ್ತಳು. "ಇಷ್ಟಕ್ಕೆಲ್ಲ ಅಳ್ತಾರಾ?" ಅಂದುಬಿಟ್ಟೆ.

ರಾತ್ರಿ ಗೋಡೆ ಕಡೆ ತಿರುಗಿ ಮಲಗಿಕೊಂಡು ಹೇಳಿದಳು. ಇದ್ದ ಒಬ್ಬ ಗೆಳತಿ ನಾಲ್ಕು ದಿನದಿಂದ ಟೂ ಬಿಟ್ಟಿದ್ದಾಳಂತೆ. ಆಟದ ಹೊತ್ತಿನಲ್ಲಿ ಇವಳು ಕಂಬದ ಪಕ್ಕ ಒಬ್ಬಳೇ ನಿಂತಿರುತ್ತಾಳಂತೆ. ಆಮೇಲೆ ನನಗೆ ನಿದ್ದೆ ಹತ್ತಲಿಲ್ಲ. ಆ ಹುಡುಗಿಯ ಅಮ್ಮನ ನಂಬರ್ ಇದೆ. ಮಾತಾಡಲಾ?

ಉತ್ತರ 1:
ನಾನು ಹದಿನಾಲ್ಕು ವರ್ಷದಿಂದ ಒಂದು, ಎರಡನೇ ಕ್ಲಾಸಿಗೆ ಪಾಠ ಮಾಡುತ್ತಿದ್ದೇನೆ. ಸದ್ಯಕ್ಕೆ ಫೋನ್ ಬೇಡ ಅಕ್ಕ. ಈ ವಯಸ್ಸಿನಲ್ಲಿ ಟೂ ಬಿಡೋದು, ಸೇರೋದು ಎರಡೂ ಬೇಗ. ದೊಡ್ಡವರು ನಡುವೆ ಬಂದರೆ ಮಕ್ಕಳು ಮರೆತರೂ ಅಮ್ಮಂದಿರು ಮರೆಯುವುದಿಲ್ಲ.

ಲೇಸಿನ ವಿಷಯ. ಅವಳು ಅತ್ತಿದ್ದು ಲೇಸಿಗಲ್ಲ. ಸಿಟ್ಟು, ಆತುರ ತಡೆದು ಹಿಡಿಯುವ ಮೆದುಳಿನ ಮುಂಭಾಗ ಪೂರ್ತಿ ಬಲಿಯುವುದು ಹೆಚ್ಚುಕಡಿಮೆ 25ರ ಹೊತ್ತಿಗೆ. ಆರು ವರ್ಷದ ಮಗು ಇಡೀ ದಿನ ಸಾಲಿನಲ್ಲಿ ನಿಂತು, ಸರದಿ ಕಾದು, ಅಳು ನುಂಗಿಕೊಂಡು ಬಂದಿರುತ್ತದೆ. ಅದನ್ನೆಲ್ಲ ಇಳಿಸಲು ಅವಳಿಗೆ ನಿಮ್ಮ ಹತ್ತಿರವೇ ಧೈರ್ಯ. ಬಂದ ತಕ್ಷಣ "ಯಾರ ಜೊತೆ ಆಡಿದೆ, ಏನಾಯ್ತು" ಅಂತ ಕೇಳಬೇಡಿ. ಸುಮ್ನೆ ಪಕ್ಕದಲ್ಲಿರಿ. ಶೂ ಎಸೆಯೋದು ಮಾತ್ರ ತಪ್ಪು, ಅದನ್ನು ಆಮೇಲೆ ಸಮಾಧಾನವಾಗಿ ಹೇಳಿ.

ಇನ್ನು ಆ ಕಂಬ. ಅಲ್ಲಿಂದ ಆಟದ ಗುಂಪಿಗೆ ಹೋಗೋದು ಕಲಿಯಬೇಕಾದ ಕೆಲಸ. "ನನ್ನನ್ನೂ ಸೇರಿಸ್ಕೊಳ್ತೀರಾ?" ಅಂತ ಕೇಳಿದ ಮಗುವಿಗೆ "ಇಲ್ಲ" ಅನ್ನೋದು ಸುಲಭ. ಮೊದಲು ಹತ್ತಿರ ನಿಂತು ಏನು ಆಡುತ್ತಿದ್ದಾರೆ ನೋಡಬೇಕು, ಆಮೇಲೆ ಆ ಆಟಕ್ಕೆ ಬೇಕಾದ ಒಂದು ಕೆಲಸ ಕೇಳಬೇಕು. "ನಾನು ಚೆಂಡು ತಂದುಕೊಡ್ಲಾ?" ಅನ್ನೋ ಹಾಗೆ. ಮನೆಯಲ್ಲಿ ಗೊಂಬೆ ಇಟ್ಟುಕೊಂಡು ಆಡಿಸಿ ನೋಡಿ.

ಬೆಳಿಗ್ಗೆ ಶಾಲೆಗೆ ಹೊರಡುವಾಗ ಹೊಟ್ಟೆನೋವು ಅಂತಿದ್ದರೆ, ವಸ್ತು ಕಾಣೆಯಾಗುತ್ತಿದ್ದರೆ, ಒಂದೇ ಮಗು ದಿನಾ ಕಾಡುತ್ತಿದ್ದರೆ ಕಾಯಬೇಡಿ. ಆಗಲೂ ಆ ಅಮ್ಮನಿಗಲ್ಲ, ಕ್ಲಾಸ್ ಟೀಚರಿಗೆ ಹೇಳಿ.

ಉತ್ತರ 2:
ಮೇಡಂ ಹೇಳಿದ್ದಕ್ಕೆ ನನ್ನದೊಂದು ಮಾತು ಸೇರಿಸುತ್ತೇನೆ. ಮಗುವಿನ ಭಾವನೆಗೆ ಹೆಸರು ಕೊಡಿ ಅಂತ ಎಲ್ಲರೂ ಹೇಳ್ತಾರಲ್ವಾ? ನನ್ನ ಏಳು ವರ್ಷದ ಮಗ ಹಾವು ಏಣಿ ಆಟದಲ್ಲಿ ಸೋತು ಕಾಯಿಗಳನ್ನೆಲ್ಲ ಚೆಲ್ಲಿದಾಗ "ನಿನಗೆ ಕೋಪ ಬಂದಿದೆ ಅಲ್ವಾ" ಅಂದೆ. "ಬಂದಿಲ್ಲಾ!" ಅಂತ ಇನ್ನೂ ಜೋರಾಗಿ ಅತ್ತ. ಈಗ ಆ ಹೊತ್ತಿನಲ್ಲಿ ಬಾಯಿ ಬಿಡುವುದಿಲ್ಲ. ಪಕ್ಕದಲ್ಲಿ ಕೂತು ಕಾಯಿ ಹೆಕ್ಕುತ್ತೇನೆ. ಸ್ವಲ್ಪ ಹೊತ್ತಿಗೆ ಅವನೂ ಹೆಕ್ಕಲು ಬರುತ್ತಾನೆ. ಹೆಸರು ಕೊಡೋದು ರಾತ್ರಿಗೆ.

ಪ್ರಶ್ನೆ ಕೇಳಿದವರು, ಹತ್ತು ದಿನದ ನಂತರ:
ಫೋನ್ ಮಾಡಲಿಲ್ಲ. ಗೆಳತಿ ಇನ್ನೂ ಟೂ ಬಿಟ್ಟೇ ಇದ್ದಾಳೆ, ಅದು ನನಗೆ ಈಗಲೂ ಚುಚ್ಚುತ್ತದೆ. ಆದರೆ ಗೊಂಬೆಗಳ ಜೊತೆ ಮೂರು ರಾತ್ರಿ ಆಡಿದ ಮೇಲೆ, ಹಗ್ಗದಾಟ ಆಡುವ ಹುಡುಗಿಯರ ಹತ್ತಿರ ಹೋಗಿ "ನಾನು ಹಗ್ಗ ತಿರುಗಿಸ್ಲಾ?" ಅಂದಳಂತೆ. ತಿರುಗಿಸೋಕೆ ಯಾರಿಗೂ ಇಷ್ಟ ಇರಲಿಲ್ಲವಂತೆ, ತಕ್ಷಣ ಕೊಟ್ಟರಂತೆ.

ನಿನ್ನೆ ಮತ್ತೆ ಲೇಸ್ ಗಂಟಾಗಿತ್ತು. ಬಂದು ನನ್ನ ಮಡಿಲಲ್ಲಿ ಕಾಲಿಟ್ಟಳು. "ಬಿಚ್ಬೇಡ ಅಮ್ಮ, ಶೂ ಹಿಡ್ಕೋ ಅಷ್ಟೇ" ಅಂದಳು.