ಜೀನ್ಸ್ ಪ್ಯಾಚಿಗೆ ಟೀ ನೀರಾಗೆ ಬೆಳೆಸಿದ ಶೀಟ್ ಆಗ್ತೈತಾ?

ಬಳ್ಳಾರಿ_ಹೊಲಿಗೆ:
ಎಲ್ರಿಗೂ ನಮಸ್ಕಾರ, ನಮ್ದು ಬಳ್ಳಾರಿಯಾಗೆ ಸಣ್ಣ ಜೀನ್ಸ್ ಯೂನಿಟ್ಟು, 8 ಮಷಿನ್ ಅದಾವೆ. ಪ್ಯಾಂಟ್ ಹಿಂದೆ ಸೊಂಟದ ಪಟ್ಟಿ ಮೇಲೆ ಒಂದು ಪ್ಯಾಚ್ ಹೊಲಿತೀವಲ್ಲ ಅದು ರೆಕ್ಸಿನ್ನು, ಕತ್ತರಿಸಿದ ಚೂರು ಮೂಲೆಯಾಗೆ ಗುಡ್ಡೆ ಬೀಳ್ತೈತೆ, ಮಣ್ಣಿಗೆ ಹಾಕಿದ್ರೂ ಕರಗಲ್ಲ ಸುಟ್ರೆ ಉಸಿರು ಕಟ್ಟೋ ಹೊಗೆ. ಸುಜಾನ್ ಲೀ ಅಂತ ಲಂಡನ್ ಡಿಸೈನರ್ 2011ರ ಟೆಡ್ ಭಾಷಣದಾಗೆ ಗ್ರೀನ್ ಟೀ, ಸಕ್ಕರೆ, ಬ್ಯಾಕ್ಟೀರಿಯಾದಿಂದ ಬೆಳೆಸಿದ ಬಟ್ಟೆ ತೋರ್ಸಿದ್ರು. ಹತ್ತಿಗೆ 18 ಸಲ ಅದ್ದಿದ್ರೆ ಬರೋ ಇಂಡಿಗೋ ಬಣ್ಣ ಇದಕ್ಕೆ ಒಂದೇ ಸಲಕ್ಕೆ ಹತ್ತುತ್ತಂತೆ, ನಮ್ಮೂರಿಗೆ ಅದು ಎಷ್ಟು ದೊಡ್ಡ ಮಾತು ನೋಡಿ. ಮನೇಲಿ ಯಾರಾದ್ರೂ ಮಾಡಿದೀರಾ?

ರಾಯಚೂರು_ಹತ್ತಿ:
ಎರಡ್ ಸಲ ಮಾಡಿನಿ ಅಣ್ಣಾ. ಲೀಟರ್ ಟೀ ಡಿಕಾಕ್ಷನ್‌ಗೆ 100 ಗ್ರಾಂ ಸಕ್ರಿ, ಪೂರಾ ಆರಿದ ಮ್ಯಾಲೆ ಸ್ವಲ್ಪ ವಿನೆಗರ್, ಕೊಂಬುಚಾ (ಹುಳಿ ಬರಿಸಿದ ಟೀ) ಹೆಪ್ಪು. ಬಿಸಿ ಇದ್ದಾಗ ಹಾಕಿದ್ರ ಹೆಪ್ಪು ಸಾಯ್ತದ. ಅಗಲ ಪ್ಲಾಸ್ಟಿಕ್ ಟಬ್ ತಗೋರಿ, ಸಿಲ್ವಾರ ಬ್ಯಾಡ, ಬಾಯಿಗೆ ತೆಳು ಬಟ್ಟಿ ಕಟ್ರಿ, ಗಾಳಿ ಬೇಕು ಯಾಕಂದ್ರ ಅದು ಬೆಳಿಯೋದೇ ನೀರಿನ ಮ್ಯಾಲೆ, ಹಾಲಿನ ಕೆನಿ ಕಟ್ಟಿದಂಗ, ಅಲ್ಲಾಡಿಸಬ್ಯಾಡ್ರಿ. 25-30 ಡಿಗ್ರಿ ಇದ್ರ 2-3 ವಾರದಾಗ ಒಂದೂವರಿ ಸೆಂಟಿಮೀಟರ್ ದಪ್ಪ ಆಗ್ತದ. ಮೊದಲ್ನೇದು ಮೇ ತಿಂಗಳಾಗ ಇಟ್ಟಿದ್ದೆ, ನಮ್ ರಾಯಚೂರು ಬಿಸಿಲು ಗೊತ್ತಲ್ಲ, ಕೆನಿ ಕಟ್ಟಲೇ ಇಲ್ಲ, ಬೂಜ್ ಬಂತು. ಎರಡನೇದು ದೀಪಾವಳಿ ಆದ್ಮ್ಯಾಲೆ. ತೊಳದು ಕಟ್ಟಿಗಿ ಹಲಗಿ ಮ್ಯಾಲೆ ನೆರಳಾಗ ಒಣಗಿಸಿದ್ರ ಕಾಗದದಂಗ ತೆಳು ಆಯ್ತು, ಕಂದು ಬಣ್ಣ, ಥೇಟ್ ಚರ್ಮ. ಕೈಯಾಗ ಹಿಡಿದಾಗ ಒಂಥರಾ ಆತು ಅಣ್ಣಾ, ನಮ್ ಹತ್ತಿ ಎಳಿನೂ ಸೆಲ್ಯುಲೋಸೇ (ಗಿಡದ ನಾರಿನ ಮೂಲ ವಸ್ತು) ಇದೂ ಸೆಲ್ಯುಲೋಸೇ, ಹತ್ತಿಗೆ ಆರ್ ತಿಂಗಳು ಗುಲಾಬಿ ಹುಳಕ್ಕ ಎಣ್ಣಿ ಹೊಡ್ದು ಹೊಡ್ದು ಜೀವ ಸಾಕಾಗಿರ್ತದ.

ಆದ್ರ ಪ್ಯಾಚಿಗೆ ಬ್ಯಾಡ. ನೀರು ಕುಡ್ದು ಉಬ್ಬತದ. ಮಳ್ಯಾಗ ಹೋದ್ರ ಹೊಲಿಗಿ ಬಿಚ್ಕೋಬಹುದು ಅಂತ ಸುಜಾನ್ ಲೀನೇ ಹೇಳ್ಯಾರ. ಜೇನುಮೇಣ ತಿಕ್ಕಿದೆ, ತುಂತುರು ತಡೀತು, ಬಕೆಟ್‌ನಾಗ ನೆನಸಿದ್ರ ಲೋಳಿ.

ಗಂಗಾವತಿ_ಅಣಬೆ:
ನಾವು ಭತ್ತದ ಹುಲ್ಲಿನ ಮ್ಯಾಲ ಆಯ್ಸ್ಟರ್ ಅಣಬಿ ಬೆಳಿತೀವ್ರಿ. ಚೀಲದೊಳಗ ಅಣಬಿಯ ಬಿಳಿ ಎಳಿ ಹುಲ್ಲನ್ನ ಇಟ್ಟಿಗಿಯಂಗ ಬಿಗೀತೈತಿ, ಪ್ಯಾಕಿಂಗಿಗೆ ಚಲೋ, ಸೂಜಿ ಹಾಕಿದ್ರ ಉದುರತೈತ್ರಿ. ಅಣಬಿ ಚರ್ಮ ಅಂತ ರೊಕ್ಕ ಹಾಕಾಕ ಹೋಗಬ್ಯಾಡ್ರಿ, ಅಮೆರಿಕದ ಬೋಲ್ಟ್ ಥ್ರೆಡ್ಸ್ ಕಂಪನಿ ಅಡಿಡಾಸ್‌ನಂಥೋರು ಜೊತಿಗಿದ್ರೂ 2023ರಾಗ ಮೈಲೋ ಅನ್ನೋ ತನ್ನ ಅಣಬಿ ಚರ್ಮ ನಿಲ್ಲಿಸ್ತು. ಕೇರಳದ ಮಲೈ ಅನ್ನೋ ಕಂಪನಿಯವರು ತೆಂಗಿನ ನೀರಾಗ ಬ್ಯಾಕ್ಟೀರಿಯಾ ಬೆಳಸಿ ಬಾಳಿ ನಾರಿನಂಥವು ಸೇರ್ಸಿ ಗಟ್ಟಿ ಮಾಡ್ತಾರ. ನಿಮ್ಮಲ್ಲಿ ಡೆನಿಮ್ ನೂಲಿನ ಚೂರು ಇರ್ತಾವಲ್ಲ, ಅದನ್ನ ರುಬ್ಬಿ ಕಲಸಿ ನೋಡ್ರಿ.

ಬಳ್ಳಾರಿ_ಹೊಲಿಗೆ:
ಹಂಗಾದ್ರೆ ಪ್ಯಾಚ್ ಬಿಡ್ತೀನಿ, ದಾರ ಕಟ್ಟಿ ತೂಗಾಕೋ ಟ್ಯಾಗ್ ಮಾಡ್ತೀನಿ, ಅದನ್ನ ಯಾರೂ ಒಗೆಯಲ್ವಲ್ಲ. ನೂಲಿನ ಚೂರೂ ಕಲಸ್ತೀನಿ. ರಾಯಚೂರು ಅಣ್ಣಾ, ಹೆಪ್ಪು ಉಳಿದಿದ್ರೆ ಒಂದು ತುಂಡು ಇಟ್ಟಿರಿ, ಭಾನುವಾರ ಬಸ್ಸಿಗೆ ಬರ್ತೀನಿ.